ಗೆದ್ದರೂ ಏಳದ ಮನುಷ್ಯ

ರಜೆಯಲ್ಲಿ ನೋಡಲು ಒಂದು ಒಳ್ಳೆಯ ಸಿನಿಮಾ ಹೇಳು ಎಂದು ಗೆಳೆಯರು ಕೇಳಿದಾಗಲೆಲ್ಲ ನಾನು ‘ಓನಿಂಗ್ ಮಹೋನಿ’ ಎನ್ನುತ್ತೇನೆ. ಇದುವರೆಗೆ ಅವರಲ್ಲಿ ಒಬ್ಬರೂ ಅದರ ಹೆಸರು ಕೇಳಿದವರಿಲ್ಲ. 2003ರಲ್ಲಿ ಬಂದ ಈ ಇಂಗ್ಲಿಷ್ ಚಿತ್ರದಲ್ಲಿ ಹೊಡೆದಾಟವಿಲ್ಲ, ಕಾರುಗಳ ಬೆನ್ನಟ್ಟುವಿಕೆ ಇಲ್ಲ. ಬ್ಯಾಂಕಿನ ಹಣ ಮಾತ್ರ ಕಳುವಾಗುತ್ತದೆ, ಅದೂ ಪೆನ್ನಿನಿಂದ.

ಇದು ನಿಜವಾಗಿ ನಡೆದ ಕಥೆ. ಕೆನಡಾದ ಟೊರಾಂಟೊದಲ್ಲಿ ಬ್ರಯಾನ್ ಮೊಲೋನಿ ಎಂಬ ಯುವ ಬ್ಯಾಂಕ್ ಅಧಿಕಾರಿ ತನ್ನ ಬ್ಯಾಂಕಿನಿಂದಲೇ 1 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದು ಜೂಜಾಡಿ, 1982ರಲ್ಲಿ ಸಿಕ್ಕಿಬಿದ್ದ. ಗ್ಯಾರಿ ರಾಸ್ ಅದನ್ನು ‘ಸ್ಟಂಗ್’ ಎಂಬ ಪುಸ್ತಕವಾಗಿ ಬರೆದರು. ರಿಚರ್ಡ್ ಕ್ವಿಯೆಟ್ನಿಯೋವ್ಸ್ಕಿ ಸಿನಿಮಾ ಮಾಡಿದರು. ಚಿತ್ರದಲ್ಲಿ ಅವನ ಹೆಸರು ಡ್ಯಾನ್ ಮಹೋನಿ. ಪಾತ್ರ ಮಾಡಿದವರು ಫಿಲಿಪ್ ಸೀಮೋರ್ ಹಾಫ್‌ಮನ್.

ಬುಕ್ಕಿಯ ಸಾಲ ತೀರಿಸಲು ಮಹೋನಿ ಗ್ರಾಹಕರ ಹೆಸರಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ ಸಾಲ ಮಂಜೂರು ಮಾಡಿಕೊಳ್ಳುತ್ತಾನೆ. ಆ ತೂತು ಮುಚ್ಚಲು ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. ಡೆಬಿಟ್ ಮತ್ತು ಕ್ರೆಡಿಟ್ ತಾಳೆಯಾದರೆ ಸಾಕು ಎಂದು ನಿಟ್ಟುಸಿರು ಬಿಡುವ ನಮ್ಮಂಥ ವಾಣಿಜ್ಯ ವಿದ್ಯಾರ್ಥಿಗಳು ಈ ದೃಶ್ಯಗಳನ್ನು ನೋಡಲೇಬೇಕು. ಕಾಗದಗಳೆಲ್ಲ ಸರಿಯಾಗಿದ್ದೂ ಲೆಕ್ಕ ಪೂರ್ತಿ ಸುಳ್ಳಾಗಿರಬಹುದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಇವನಿಗೆ ಹಣದ ಆಸೆಯೇ ಇಲ್ಲ! ಹಳೇ ಕಾರು, ಅಗ್ಗದ ಸೂಟು. ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊದವರು ಏನು ಬೇಕಾದರೂ ಕೊಡಲು ಸಿದ್ಧರಿದ್ದಾಗ ಅವನು ಕೇಳುವುದು ಒಂದು ತಟ್ಟೆ ಮಾಂಸ, ಒಂದು ಕೋಲಾ. ಅವನಿಗೆ ಬೇಕಾದದ್ದು ಮುಂದಿನ ಆಟ ಮಾತ್ರ. ಒಂದು ರಾತ್ರಿ ಗೆದ್ದ ಬಿಲ್ಲೆಗಳು ಮುಂದೆ ರಾಶಿ ಬೀಳುತ್ತವೆ. ಎದ್ದು ಹೋಗು ಮಾರಾಯ ಎಂದು ನಾನು ಪರದೆಯ ಮುಂದೆ ಕೂತು ಗೊಣಗುತ್ತಿದ್ದೆ. ಅವನು ಏಳುವುದಿಲ್ಲ. ಎಲ್ಲ ಕಳೆದುಕೊಂಡ ಮೇಲೆಯೇ ಏಳುವುದು. ಕ್ಯಾಸಿನೊದ ಮುಖ್ಯಸ್ಥನಾಗಿ ಜಾನ್ ಹರ್ಟ್ ಕ್ಯಾಮೆರಾದಲ್ಲಿ ಇದನ್ನೆಲ್ಲ ನೋಡುತ್ತಿರುತ್ತಾರೆ. ಅವನು ಬೆದರಿಸುವವನಲ್ಲ, ಬಹಳ ಮರ್ಯಾದೆಯಿಂದ ಉಪಚರಿಸುತ್ತಾನೆ. ಆ ಮರ್ಯಾದೆಯೇ ಬಲೆ.

ನಮ್ಮ ಓಣಿಯಲ್ಲಿ ಒಬ್ಬ ಅಣ್ಣ ಇದ್ದಾನೆ. ಮೊಬೈಲ್ ರಿಪೇರಿಯಲ್ಲಿ ಕೈ ಪಳಗಿದವನು. ಐಪಿಎಲ್ ಬೆಟ್ಟಿಂಗ್‌ನಲ್ಲಿ ಮೊದಲು ಬೈಕ್ ಹೋಯಿತು, ಆಮೇಲೆ ಅವನ ಅಮ್ಮನ ಬಳೆ. ‘ಒಂದ್ಸಲ ದೊಡ್ಡದಾಗಿ ಗೆದ್ರೆ ಬಿಟ್ಬಿಡ್ತೀನಿ’ ಎಂದು ಅವನು ಹೇಳುವುದನ್ನು ನಾನೇ ಕೇಳಿದ್ದೇನೆ. ಓಣಿಯವರು ಅವನನ್ನು ದುರಾಸೆಯವನು ಎನ್ನುತ್ತಾರೆ. ಈ ಚಿತ್ರ ನೋಡಿದ ಮೇಲೆ ನನಗೆ ಆ ಮಾತು ಸರಿಯೆನಿಸುವುದಿಲ್ಲ. ಅವನು ದೊಡ್ಡದಾಗಿ ಗೆದ್ದರೂ ಬಿಡಲಾರ ಎಂಬುದೇ ಭಯದ ಸಂಗತಿ. ಅವನಿಗೆ ಬೈಗುಳಕ್ಕಿಂತ ಚಿಕಿತ್ಸೆ ಬೇಕು.

ಜೂಜು ಹರಾಮ್ ಎಂದು ನಮ್ಮಲ್ಲಿ ಹೆಚ್ಚಿನವರು ಮದ್ರಸದ ದಿನಗಳಲ್ಲೇ ಕಲಿತಿದ್ದೇವೆ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತೂ ಅಂಗೀಕರಿಸಿತು. ಬೇಡ ಎಂಬುದು ಎಲ್ಲರಿಗೂ ಗೊತ್ತು. ಏಕೆ ಬಿಡಲಾಗುವುದಿಲ್ಲ ಎಂಬುದನ್ನು ಈ ಚಿತ್ರ ತೋರಿಸುತ್ತದೆ.

ಒಂದೆರಡು ಕಡೆ ಒರಟು ಮಾತು, ಮುಜುಗರದ ದೃಶ್ಯಗಳಿವೆ. ತಮ್ಮ ತಂಗಿಯರನ್ನು ಕೂರಿಸಿಕೊಂಡು ನೋಡುವ ಸಿನಿಮಾ ಅಲ್ಲ. ಮೊದಲ ಅರ್ಧ ಗಂಟೆ ನಿಧಾನ ಎನಿಸಬಹುದು, ತಾಳ್ಮೆ ಇರಲಿ. ಕೊನೆಯಲ್ಲಿ ಮನೋವೈದ್ಯರು ಕೇಳುತ್ತಾರೆ: ಜೂಜಿನ ರೋಮಾಂಚನಕ್ಕೆ ನೂರಕ್ಕೆ ಎಷ್ಟು ಅಂಕ? ಅವನು ನೂರು ಎನ್ನುತ್ತಾನೆ. ಜೂಜು ಬಿಟ್ಟು ಬದುಕಿನಲ್ಲಿ ಸಿಕ್ಕ ಅತಿ ದೊಡ್ಡ ಸಂತೋಷಕ್ಕೆ? ಇಪ್ಪತ್ತು. ಇನ್ನು ಮುಂದೆ ಆ ಇಪ್ಪತ್ತರಲ್ಲೇ ಬದುಕಬೇಕಲ್ಲ ಎಂದಾಗ ಅವನು ಒಪ್ಪಿಕೊಳ್ಳುತ್ತಾನೆ.

ಸಂಜೆಯ ಚಹಾ, ಗೆಳೆಯರ ಹರಟೆ, ಮನೆಯವರ ಜೊತೆ ಊಟ: ನಮ್ಮ ಇಪ್ಪತ್ತು ಇಷ್ಟೇ. ಕಡಿಮೆಯೇನಲ್ಲ. ಚಿತ್ರ ನೋಡಿದವರು ನನ್ನೊಂದಿಗೆ ಮಾತನಾಡಿ, ವಾದಿಸಲು ಸಿದ್ಧನಿದ್ದೇನೆ.