ಬಾದಾಮಿಯಾ, ಪುತ್ತೂರಾ?

ಏಪ್ರಿಲ್‌ನಲ್ಲಿ ಸಿಕ್ಕಿದ್ದು ನಾಲ್ಕೇ ದಿನ ರಜೆ. ಬೆಂಗಳೂರಿಂದ ಪಾಲಿಬೆಟ್ಟಕ್ಕೆ ಬಂದು ಅಪ್ಪ-ಅಮ್ಮನನ್ನು ಎಲ್ಲಿಗಾದರೂ ಕರ್ಕೊಂಡು ಹೋಗೋಣ ಅಂತಿದ್ದೆ.

ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿ ರಿಟೈರ್ ಆದವರು. ಪಾಠಪುಸ್ತಕದಲ್ಲಿ ನೋಡಿದ ಬಾದಾಮಿ ಗುಹೆಗಳನ್ನು ಕಣ್ಣಾರೆ ನೋಡಬೇಕು ಅನ್ನೋದು ಅವರ ಹಳೇ ಆಸೆ. ಮೊಣಕಾಲು ವರ್ಷದಿಂದ ವರ್ಷಕ್ಕೆ ಕೈಕೊಡ್ತಿದೆ, ಮೆಟ್ಟಿಲು ಹತ್ತೋದಾದ್ರೆ ಈಗಲೇ. ಅಮ್ಮನ ತವರು ಪುತ್ತೂರಿನ ಹತ್ತಿರ. ಅದೇ ವಾರ ಅಲ್ಲಿ ದೈವದ ಕೋಲ.

ಎಕ್ಸೆಲ್ ಶೀಟ್ ಮಾಡಿದೆ (ಕೆಲಸದ ಚಟ!). ಒಂದು ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ, ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಲೇಶನ ಕ್ರಿ.ಶ. 578ರ ಶಾಸನ. ಆದ್ರೆ ಕೊಡಗಿಗೆ ರೈಲಿಲ್ಲ, ಮೈಸೂರಿಗೆ ಹೋಗಿ ಹತ್ತಬೇಕು. ಇನ್ನೊಂದು ಕಡೆ ಕುಚ್ಚಲಕ್ಕಿ ಗಂಜಿ, ತುಳು ಪಾಡ್ದನ, ನಿದ್ದೆಗೆಟ್ಟು ನೋಡೋ ಕೋಲ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಸುಳ್ಯದ ಮೇಲೆ ಹೋದ್ರಾಯ್ತು. ನನ್ನ ವೋಟು ಬಾದಾಮಿಗೆ. ಟಿಕೆಟ್ಟೂ ಬುಕ್ ಮಾಡಿದೆ.

"ಕೋಲ ಮುಂದಿನ ವರ್ಷವೂ ಇರುತ್ತಲ್ಲಮ್ಮ" ಅಂದೆ.

"ಕೋಲ ಉಂಟು ಮಾರಾಯ. ಅಜ್ಜಿ?"

ಅಜ್ಜಿಗೆ 87. ಆ ಕಾಲಂ ನನ್ನ ಶೀಟಲ್ಲಿ ಇರಲೇ ಇಲ್ಲ.

"ಟಿಕೆಟ್ ಕ್ಯಾನ್ಸಲ್ ಮಾಡು" ಅಂದ್ರು ಅಪ್ಪ. ಅಷ್ಟೇ.

ಕೋಲದ ರಾತ್ರಿ ಅಜ್ಜಿ ಅಮ್ಮನ ಕೈ ಬಿಡಲೇ ಇಲ್ಲ. ನನಗೆ ಅರ್ಧಂಬರ್ಧ ತುಳು, ಇಬ್ಬರೂ ಏನು ಮಾತಾಡ್ಕೊಂಡ್ರೋ ಪೂರ್ತಿ ತಿಳಿಯಲಿಲ್ಲ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪ, ವಾದ್ಯದ ಸದ್ದಿನ ನಡುವೆ ನನ್ನ ಕಡೆ ಬಾಗಿ ಕೇಳಿದ್ರು:

"ಆ ಗುಹೆಗೆ ಮೆಟ್ಟಿಲು ತುಂಬಾ ಇದಾವಾ?"