ಬೋಟಿನ ಎಂಜಿನ್ ಬಿಚ್ಚಿದ ಮಳೆಗಾಲ

ಕಡಲಿಗೆ ರಜೆ ಬಿದ್ದರೆ ಮಲ್ಪೆಯ ಲೇತ್ ವರ್ಕ್‌ಶಾಪುಗಳಿಗೆ ಕೈತುಂಬ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಬಲೆ ಹರಿದವರು ಬಲೆ ಸರಿಮಾಡುತ್ತ ಕೂರುತ್ತಾರೆ, ಎಂಜಿನ್ ಕೆಟ್ಟವರು ನಮ್ಮ ಬಾಗಿಲಿಗೆ ಬರುತ್ತಾರೆ. ನಾನಾಗ ಬಂದರಿನ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಕೈಕೆಳಗೆ ಇದ್ದೆ. ಒಂದು ವರ್ಷ ಬಂದ ಟ್ರಾಲ್ ಬೋಟಿನ ಎಂಜಿನ್ ಮಾತ್ರ ಇನ್ನೂ ಮರೆತುಹೋಗಿಲ್ಲ.

ಆರು ಸಿಲಿಂಡರಿನ ಡೀಸೆಲ್. ಲಾರಿಯ ಎಂಜಿನ್ನನ್ನೇ ಕಡಲಿಗೆ ಒಗ್ಗಿಸಿದ ಜಾತಿ. ಬಿಸಿಯೇರಿದರೆ ಆಯಿಲ್ ಪ್ರೆಶರ್ ಬೀಳುತ್ತದೆ, ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹೆಚ್ಚಾದ ಚಹಾದ ಹಾಗೆ ಕಾಣುತ್ತದೆ ಎಂಬುದು ಬೋಟು ನಡೆಸುವ ತಾಂಡೇಲನ ದೂರು. ಬೋಟಿನ ಧಣಿ ಅದನ್ನು ಬೇರೆಯವರಿಂದ ಕೊಂಡು ಹೆಚ್ಚು ಸಮಯ ಆಗಿರಲಿಲ್ಲ. ಹೊಸ ಲೈನರ್, ಪಿಸ್ಟನ್, ಬೇರಿಂಗ್ ಹಾಕುವುದು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಮಾಡುವುದು: ಇಷ್ಟಕ್ಕೆ ರೇಟ್ ಮಾತಾಡಿ ಕೆಲಸ ಹಿಡಿದದ್ದು.

ಮೊದಲ ತಕರಾರು ಲೈನರಿನದು. ಹಳೆಯವನ್ನು ಎಳೆದು, ಬ್ಲಾಕಿನ ಒಳಗಿನ ತುಕ್ಕು ಕೆರೆದು, ಹೊಸ ಲೈನರುಗಳನ್ನು ರಬ್ಬರ್ ರಿಂಗ್ ಹಾಕದೆ ಸುಮ್ಮನೆ ಇಳಿಸಿ ನೋಡಿದೆವು. ಸುತ್ತ ನೀರು ಹರಿಯುವ ಇಂಥ ಲೈನರಿನ ಕಾಲರ್ ಬ್ಲಾಕಿನ ಮೇಲ್ಮೈಗಿಂತ ಎರಡು-ಮೂರು ಥೌ ಎತ್ತರ ನಿಲ್ಲಬೇಕು. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಅಷ್ಟು ಎದ್ದು ನಿಂತರೇ ಹೆಡ್ಡು ಅದನ್ನು ಅಮುಕಿ ಹಿಡಿಯುವುದು. ಡಯಲ್ ಗೇಜ್ ಇಟ್ಟಾಗ ನಾಲ್ಕು ಲೈನರ್ ಸರಿಯಿದ್ದವು, ಎರಡು ಬ್ಲಾಕಿಗಿಂತಲೂ ತಗ್ಗು. ಕಾಲರ್ ಕೂರುವ ಮೆಟ್ಟಿಲನ್ನು ನೀರು ತಿಂದಿತ್ತು. ಅದರ ಮೇಲೆ ಯಾರೋ ಹಿಂದೆ ಕತ್ತರಿಯಲ್ಲಿ ಕತ್ತರಿಸಿ ಇಟ್ಟಿದ್ದ ತಗಡಿನ ಚೂರುಗಳು ಬೆರಳಲ್ಲೇ ಪುಡಿಯಾದವು.

“ದಪ್ಪದ ಪ್ಯಾಕಿಂಗ್ ಹಾಕಿ ಟೈಟ್ ಮಾಡಿ ಮಾರಾಯ್ರೆ, ದಿನ ಹೋಗ್ತಾ ಉಂಟು” ಅಂದರು ಧಣಿ.

“ಪ್ಯಾಕಿಂಗ್ ಗ್ಯಾಸ್ ತಡೆದೀತು ಧಣಿ, ಲೈನರ್ ಅಲ್ಲಾಡುದನ್ನು ತಡೆಯುದಿಲ್ಲ. ಪುನಃ ನೀರು ಆಯಿಲ್ ಸಂಪಿಗೆ ಇಳೀತದೆ” ಅಂದರು ಮೇಸ್ತ್ರಿ.

ಆಯಿಲ್ ಬೆಳ್ಳಗಾದದ್ದರ ಕಾರಣ ಅಲ್ಲಿಗೆ ಸಿಕ್ಕಿತು. ಮೆಟ್ಟಿಲನ್ನು ಒಳ್ಳೆಯ ಲೋಹ ಸಿಗುವವರೆಗೆ ಬೋರಿಂಗ್ ಮಿಷನ್ನಿನಲ್ಲಿ ಕತ್ತರಿಸಿ, ಲೈನರ್ ಬೇಕಾದಷ್ಟೇ ಎದ್ದು ನಿಲ್ಲುವ ದಪ್ಪಕ್ಕೆ ಉಕ್ಕಿನ ರಿಂಗ್ ಮಾಡಿ ಕೂರಿಸಿದೆವು.

ಎರಡನೆಯದು ಕ್ರ್ಯಾಂಕ್. ಇದು ಒಮ್ಮೆಯೂ ಗ್ರೈಂಡಿಂಗಿಗೆ ಹೋಗಿಲ್ಲ ಎಂದು ಹೇಳಿ ಬೋಟು ಮಾರಿದ್ದರಂತೆ. ಮೈಕ್ರೋಮೀಟರ್ ಬೇರೆಯದನ್ನೇ ಹೇಳಿತು. ಕ್ರ್ಯಾಂಕನ್ನು ಸ್ಟ್ಯಾಂಡರ್ಡಿನಿಂದ 10, 20, 30 ಥೌ ಎಂದು ಹಂತಹಂತವಾಗಿ ಇಳಿಸುತ್ತಾರೆ, ಬೇರಿಂಗೂ ಅದೇ ಹಂತದಲ್ಲಿ ಸಿಗುತ್ತದೆ. ಇದರ ಪಿನ್ನುಗಳು ಆಗಲೇ 30ಕ್ಕೆ ಇಳಿದಿದ್ದವು. ಗ್ರೈಂಡಿಂಗ್ ಮಾಡಿದವರು ಹೊಡೆಯಬೇಕಿದ್ದ ಸೈಜಿನ ಗುರುತು ಪಿನ್ನುಗಳನ್ನು ಹಿಡಿದ ವೆಬ್ಬಿನ ಮೇಲೆ ಇರಲಿಲ್ಲ. ಸಾಲದ್ದಕ್ಕೆ ಒಂದು ಪಿನ್ನಿನ ಮೂಲೆ ಚೂಪಾಗಿತ್ತು. ಪಿನ್ನು ವೆಬ್ಬಿಗೆ ಸೇರುವ ಆ ಮೂಲೆಯನ್ನು ದುಂಡಗೆ ಬಿಡಬೇಕು. ಪ್ರತಿ ಸುತ್ತಿನ ಬಾಗುವ ಒತ್ತಡವೆಲ್ಲ ಬಂದು ಸೇರುವ ಜಾಗ ಅದು. ಮೇಸ್ತ್ರಿ ಕ್ರ್ಯಾಂಕನ್ನು ಚೈನ್‌ಪುಲ್ಲಿಗೆ ನೇತುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಖಣ್ಣೆನ್ನಬೇಕಾದ್ದು ಡಬ್ಬೆಂದಿತು. ಮೂಲೆಗೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಸುಣ್ಣದ ಪುಡಿ ಸವರಿದೆವು. ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಕೂದಲೆಳೆಯಷ್ಟು ಎಣ್ಣೆಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದದ್ದು. ಆ ಕ್ರ್ಯಾಂಕು ಗುಜರಿಗೆ ಹೋಯಿತು. ಧಣಿ ಮಂಗಳೂರಿನಲ್ಲಿ ಹುಡುಕಿ, ಅದೇ ಮಾದರಿಯ ಲಾರಿ ಎಂಜಿನ್ನಿನ ಸೆಕೆಂಡ್ ಹ್ಯಾಂಡ್ ಕ್ರ್ಯಾಂಕು ತಂದರು. ಅದನ್ನೂ ತಟ್ಟಿ, ಸುಣ್ಣ ಸವರಿ, ಅಳೆದ ಮೇಲೆಯೇ 20ಕ್ಕೆ ಇಳಿಸಿದ್ದು.

ಇನ್ನು ಜೋಡಿಸುವುದಷ್ಟೇ ಎಂದುಕೊಂಡಾಗ ಮೂರನೆಯದು ಎದುರಾಯಿತು. ಹೊಸ ಬೇರಿಂಗಿನಲ್ಲಿ ಕ್ರ್ಯಾಂಕು ಮಲಗಿಸಿ ಮೇನ್ ಬೇರಿಂಗಿನ ಏಳೂ ಕ್ಯಾಪುಗಳನ್ನು ಬಿಗಿದರೆ ಕೈಯಲ್ಲಿ ತಿರುಗಬೇಕು. ಜಪ್ಪಯ್ಯ ಎಂದರೂ ತಿರುಗಲಿಲ್ಲ. ಒಂದೊಂದೇ ಕ್ಯಾಪ್ ಸಡಿಲಿಸುತ್ತ ಬಂದಾಗ ನಾಲ್ಕನೆಯದರ ಹತ್ತಿರ ಬಿಟ್ಟುಕೊಂಡಿತು. ಉಳಿದ ಕ್ಯಾಪುಗಳ ಮೇಲೆ ನಂಬರಿತ್ತು. ಇದರ ನಂಬರನ್ನು ಅರದಿಂದ ಉಜ್ಜಿ ಹಾಕಿದ್ದರು. ಬೇರೆ ಬ್ಲಾಕಿನ ಕ್ಯಾಪು! ಮೇನ್ ಬೇರಿಂಗಿನ ಕ್ಯಾಪುಗಳನ್ನು ಆಯಾ ಬ್ಲಾಕಿಗೇ ಬಿಗಿದು ಒಟ್ಟಿಗೆ ಕೊರೆದಿರುತ್ತಾರೆ. ಒಂದರ ಕ್ಯಾಪು ಇನ್ನೊಂದಕ್ಕೆ ಕೂರುವುದಿಲ್ಲ. ಆಯಿಲ್ ಪ್ರೆಶರ್ ಬೀಳುತ್ತಿದ್ದುದಕ್ಕೂ ಇದೇ ಕಾರಣ. ಆ ಜಾಗದ ಹಳೆ ಬೇರಿಂಗ್ ಒಂದೇ ಕಡೆ ತಾಮ್ರ ಕಾಣುವಷ್ಟು ಸವೆದಿತ್ತು.

ಲೈನ್ ಬೋರಿಂಗ್ ಬಿಟ್ಟು ದಾರಿ ಇರಲಿಲ್ಲ. ಕ್ಯಾಪುಗಳ ಕೂರುವ ಮುಖವನ್ನು ಸ್ವಲ್ಪ ಸ್ವಲ್ಪ ಇಳಿಸಿ, ಟಾರ್ಕ್ ಕೊಟ್ಟು ಬಿಗಿದು, ಉದ್ದದ ಬಾರ್ ತೂರಿಸಿ ಏಳನ್ನೂ ಒಂದೇ ಗೆರೆಯಲ್ಲಿ ಕೊರೆಯಬೇಕು. ಇದರಲ್ಲೂ ಒಂದು ಅಪಾಯವುಂಟು. ಬಾರ್ ಬ್ಲಾಕಿನ ಕಡೆ ಹೆಚ್ಚು ತಿಂದರೆ ಕ್ರ್ಯಾಂಕು ಮೇಲಕ್ಕೆ ಸರಿಯುತ್ತದೆ. ಆಗ ಪಿಸ್ಟನ್ ಹೆಡ್ಡಿಗೆ ಹತ್ತಿರವಾಗುತ್ತದೆ, ಟೈಮಿಂಗ್ ಗೇರಿನ ಹಲ್ಲು ಬಿಗಿಯಾಗುತ್ತದೆ. ಮೇಸ್ತ್ರಿ ಕ್ಯಾಪಿನ ಕಡೆಯೇ ಲೋಹ ತೆಗೆದು, ಬ್ಲಾಕಿನ ಕಡೆ ಬಾರ್ ಸೋಕಿಯೂ ಸೋಕದ ಹಾಗೆ ನಡೆಸಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ಕ್ಯಾಪು ಬಿಗಿದು ತಿರುಗಿಸಿದರೆ ಒಂದು ಕೈಗೆ ಕ್ರ್ಯಾಂಕು ಸಲೀಸಾಗಿ ತಿರುಗಿತು.

ಎಂಜಿನ್ ಇಳಿಸಿ, ಫ್ಯಾನಿನ (ಪ್ರೊಪೆಲ್ಲರಿನ) ಶಾಫ್ಟಿನ ಅಲೈನ್‌ಮೆಂಟನ್ನು ಬೋಟು ನೀರಿಗಿಳಿದ ಮೇಲೆ ಇನ್ನೊಮ್ಮೆ ನೋಡಿದೆವು. ದಡದಲ್ಲಿ ಆಧಾರ ಕೊಟ್ಟು ನಿಲ್ಲಿಸಿದಾಗ ಬೋಟಿನ ಒಡಲು ಕೂರುವ ರೀತಿ ಬೇರೆ, ನೀರಿನಲ್ಲಿ ಬೇರೆ. ನಿಷೇಧ ಮುಗಿದಾಗ ಉಳಿದವರ ಜೊತೆಗೇ ಆ ಬೋಟೂ ಹೊರಟಿತು. ಖರ್ಚು ಮಾತ್ರ ಮೊದಲು ಮಾತಾಡಿದ್ದಕ್ಕಿಂತ ಎಷ್ಟೋ ಹೆಚ್ಚಾಯಿತು.

ಆ ಹೆಚ್ಚಿನ ಖರ್ಚು ಕಡಲು ಮಾಡಿಟ್ಟದ್ದಕ್ಕಿಂತ, ಹಿಂದೆ ಕೈಹಾಕಿದವರು ಮಾಡಿ ಹೇಳದೆ ಬಿಟ್ಟದ್ದರದು. ಬೋಟಿನ ಎಂಜಿನ್ ಬಿಚ್ಚಿಸುವ ಧಣಿಗಳಿಗೆ ಇಷ್ಟೇ ಹೇಳುವುದು: ಬಿಲ್ಲಿನ ಜೊತೆ ಅಳತೆಯ ಚೀಟಿಯನ್ನೂ ಕೇಳಿ ಪಡೆಯಿರಿ. ಕ್ರ್ಯಾಂಕು ಯಾವ ಸೈಜಿಗೆ ಇಳಿದಿದೆ, ಯಾವ ಲೈನರಿನ ಕೆಳಗೆ ಎಷ್ಟು ದಪ್ಪದ ರಿಂಗ್ ಇದೆ, ಯಾವ ಕ್ಯಾಪು ಬದಲಾಗಿದೆ, ಎಲ್ಲವೂ ಅದರಲ್ಲಿರಲಿ. ಬೋಟಿನ ಕಾಗದಪತ್ರಗಳ ಜೊತೆ ಅದನ್ನೂ ಇಡಿ. ಬೋಟು ಮಾರಿದರೆ ಕೊಂಡವರ ಕೈಗೆ ಅದನ್ನೂ ಕೊಡಿ.