ಬಂಗಾರದ ತಾವರೆ

ಅಂದಕ್ಕಾಗಿ ಮಾನವನು ತನ್ನ ದೇಹಕ್ಕೆ ಕೊಟ್ಟುಕೊಂಡ ಹಿಂಸೆ ಅಷ್ಟಿಷ್ಟಲ್ಲ. ಚೀನಾ ದೇಶದಲ್ಲಿ ಸುಮಾರು ಒಂದು ಸಾವಿರ ವರ್ಷ ನಡೆದುಬಂದ ಪಾದ ಕಟ್ಟುವ ಪದ್ಧತಿಯೇ ಇದಕ್ಕೆ ಸಾಕ್ಷಿ.

ಐದಾರು ವರ್ಷದ ಬಾಲೆಯ ಹೆಬ್ಬೆರಳನ್ನುಳಿದು ಮಿಕ್ಕ ನಾಲ್ಕು ಬೆರಳುಗಳನ್ನು ಅಂಗಾಲಿನ ಅಡಿಗೆ ಮಡಿಸಿ, ಉದ್ದನೆಯ ಬಟ್ಟೆಯಿಂದ ಬಿಗಿಯುತ್ತಿದ್ದರು. ಎಲುಬು ಮುರಿದು ಪಾದ ಬಿಲ್ಲಿನಂತೆ ಬಾಗುತ್ತಿತ್ತು. ಮೂರಂಗುಲಕ್ಕೆ ಕುಗ್ಗಿದ ಪಾದಕ್ಕೆ ‘ಬಂಗಾರದ ತಾವರೆ’ ಎಂಬ ಬಿರುದು!

ಹೀಗೆ ಬಿಗಿಯುತ್ತಿದ್ದವಳು ಬಹುಮಟ್ಟಿಗೆ ಹೆತ್ತ ತಾಯಿಯೇ. ಆ ನೋವನ್ನು ತಾನೂ ಉಂಡವಳು. ಆದರೂ ದೊಡ್ಡ ಪಾದದ ಮಗಳಿಗೆ ಒಳ್ಳೆಯ ಮನೆತನದ ವರ ದೊರೆಯನೆಂಬ ಭಯ ಅವಳ ಮನಸ್ಸನ್ನು ಕಲ್ಲಾಗಿಸುತ್ತಿತ್ತು.

ಹದಿನೇಳನೆಯ ಶತಮಾನದಲ್ಲಿ ಮಂಚು ಅರಸರು ಈ ಪದ್ಧತಿಯನ್ನು ನಿಷೇಧಿಸಿದರು, ಜನ ಮಣಿಯಲಿಲ್ಲ. 1668ರಲ್ಲಿ ಆಜ್ಞೆಯನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸುಧಾರಕರು ಸಂಘಗಳನ್ನು ಸ್ಥಾಪಿಸಿದರು. ಮಗಳ ಪಾದವನ್ನು ಕಟ್ಟುವುದಿಲ್ಲ, ಪಾದ ಕಟ್ಟಿದ ಕನ್ಯೆಯನ್ನು ಮಗನಿಗೆ ತರುವುದಿಲ್ಲ ಎಂದು ಸದಸ್ಯರು ಪ್ರತಿಜ್ಞೆ ಮಾಡಿದರು. ವರ ದೊರೆಯುವ ಭರವಸೆ ಮೂಡಿದಂತೆ ತಾಯಂದಿರ ಕೈ ಸಡಿಲಿತು. 1912ರಲ್ಲಿ ಚೀನಾದ ಹೊಸ ಗಣರಾಜ್ಯವು ಪದ್ಧತಿಯನ್ನು ಮತ್ತೆ ನಿಷೇಧಿಸಿತು. ಕೆಲವು ದಶಕಗಳಲ್ಲಿ ಅದು ಅಳಿಯಿತು.

ಅರಸನ ಆಜ್ಞೆಗೆ ಬಗ್ಗದ ರೂಢಿ ನೆರೆಹೊರೆಯವರ ಪ್ರತಿಜ್ಞೆಗೆ ಬಗ್ಗಿತು. ಅಂದದ ಅಳತೆಗೋಲನ್ನು ಮಾಡಿದವರು ಜನರೇ, ಮುರಿದವರೂ ಜನರೇ.